ಹೊಸ ಆಟೊ, ನೂರೆಂಟು ಫಿಟ್ಟಿಂಗು

ಹುಬ್ಬಳ್ಳಿಯಲ್ಲಿ ಹೊಸ ಆಟೊ ಪಾಸಿಂಗ್ ಆಗಿ ಕೆಎ-63 ನಂಬರು ಬಿದ್ದಿತೋ ಇಲ್ಲವೋ, ಸ್ಟ್ಯಾಂಡಿನಲ್ಲಿ ಪುಕ್ಕಟೆ ಸಲಹೆ ಶುರುವಾಗುತ್ತದೆ. “ಲೈಟ್ ಬದ್ಲಿ ಮಾಡ್ಸೋ ತಮ್ಮಾ, ಕಂಪನೀದು ಮಿಣುಕು ದೀಪ ಐತಿ.” “ಬಾಜೂಕ ಒಂದ್ ಸೀಟ್ ಹಾಕ್ಸು, ಕಂತಿನ ರೊಕ್ಕ ಅದರಾಗ ಹೊಂಡತೈತಿ.” ಸಾಲ ಮಾಡಿ ಗಾಡಿ ತಂದವನು ಎಲ್ಲದಕ್ಕೂ ತಲೆಯಾಡಿಸಿದರೆ ಮೊದಲ ತಿಂಗಳ ದುಡಿಮೆಯೆಲ್ಲ ಫಿಟ್ಟಿಂಗ್ ಅಂಗಡಿಗೇ ಹೋಗುತ್ತದೆ. ತಮಾಷೆಯೆಂದರೆ, ನಿಜಕ್ಕೂ ಬೇಕಾದ ಫಿಟ್ಟಿಂಗುಗಳೆಲ್ಲ ಅಗ್ಗದವು. ದುಬಾರಿಯಾದ ಹೆಚ್ಚಿನವು ಕಂಪನಿಯವರು ಲೆಕ್ಕ ಹಾಕಿ ಕೂಡಿಸಿದ್ದನ್ನು ಕೆಡಿಸುವಂಥವು.

“ಕಂಪನಿ ಲೈಟು ಸಾಲದು”

ಹೆಡ್‌ಲೈಟಿನ ಬಲ್ಬು ಸಾಮಾನ್ಯವಾಗಿ 35 ವ್ಯಾಟಿನದು. 12 ವೋಲ್ಟ್ ಬ್ಯಾಟರಿಯಿಂದ ಅದು ಎಳೆಯುವ ಕರೆಂಟು ಸುಮಾರು 3 ಆಂಪಿಯರ್. ಅದೇ ಹೋಲ್ಡರಿಗೆ 100 ವ್ಯಾಟಿನ ಬಲ್ಬು ತುರುಕಿದರೆ 8 ಆಂಪಿಯರ್ ದಾಟುತ್ತದೆ. ತಂತಿಯ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಬಲ್ಬು ಮೂರು ಪಟ್ಟು, ತಂತಿಗೆ ಬಿಸಿ ಎಂಟು ಪಟ್ಟು! ಮೊದಲು ಹೋಲ್ಡರು ಕಂದುಗಟ್ಟುತ್ತದೆ, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಒಂದು ರಾತ್ರಿ ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ತಂತಿಯ ಎಳೆ ಸುತ್ತಿ ಕಳಿಸುವ ಜಾಣರೂ ಇದ್ದಾರೆ. ಗ್ಯಾಸ್ ಮೇಲೆ ಓಡುವ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ಹುಚ್ಚಾಟ ಇನ್ನೊಂದಿಲ್ಲ.

ಇಷ್ಟಕ್ಕೂ ಬೆಳಕು ಕಡಿಮೆ ಅನ್ನಿಸಲು ಎಷ್ಟೋ ಸಲ ಬಲ್ಬು ಕಾರಣವೇ ಅಲ್ಲ. ಹಿಂದೆ ಮೂವರು ಕೂತರೆ ಗಾಡಿಯ ಮೂತಿ ಮೇಲೇಳುತ್ತದೆ. ಬೆಳಕು ರಸ್ತೆ ಬಿಟ್ಟು ಎದುರಿನವನ ಕಣ್ಣಿಗೆ ಹೋಗುತ್ತದೆ. ಸೀಟು ತುಂಬಿಸಿ, ಗೋಡೆಗೆ ಲೈಟು ಬಿಟ್ಟು, ಕೋನ ಸರಿ ಮಾಡಿಸಿ. ಗಾಜು ಒರೆಸಿ. ಇದಕ್ಕೆ ಖರ್ಚೇ ಇಲ್ಲ.

“ಬಾಜೂ ಸೀಟು, ಮೇಲೊಂದು ಕ್ಯಾರಿಯರ್: ಗಳಿಕೆ ದುಪ್ಪಟ್ಟು”

ಚಾಲಕನ ಪಕ್ಕದ ಹಲಗೆ ಸೀಟನ್ನು ಹಳೇ ಹುಬ್ಬಳ್ಳಿಯಿಂದ ಜುಬಿಲಿ ಸರ್ಕಲ್ಲಿನವರೆಗೆ ಯಾರೂ ಅಪರಾಧವೆಂದು ಎಣಿಸುವುದಿಲ್ಲ. ಪರ್ಮಿಟ್ಟಿನಲ್ಲಿರುವುದು ಮೂವರು ಪ್ರಯಾಣಿಕರು, ಒಬ್ಬ ಚಾಲಕ. ಹೆಚ್ಚುವರಿ ತಲೆಯೊಂದಕ್ಕೆ ಮೋಟಾರು ವಾಹನ ಕಾಯ್ದೆಯ ದಂಡ 200 ರೂಪಾಯಿ. ಅಷ್ಟು ತಾನೆ, ಎಂದು ನಗುವವರು ಗಾಡಿಯ ಆಕಾರವನ್ನು ಒಮ್ಮೆ ನೋಡಬೇಕು.

ಆಟೊದ ಮೂರು ಚಕ್ರ ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ತ್ರಿಕೋನವಾಗುತ್ತದೆ. ಹಿಂದೆ ಅಗಲ, ಮುಂದೆ ಚೂಪು. ಒಟ್ಟು ಭಾರದ ಕೇಂದ್ರ ಈ ತ್ರಿಕೋನದ ಅಗಲದ ಕಡೆ, ಹಿಂದಿನ ಆಕ್ಸೆಲ್ಲಿನ ಹತ್ತಿರ, ನೆಲಕ್ಕೆ ತಗ್ಗಾಗಿ ಇದ್ದಷ್ಟೂ ಗಾಡಿ ಗಟ್ಟಿ. ಎಂಜಿನ್ನನ್ನೂ ಪ್ರಯಾಣಿಕರನ್ನೂ ಹಿಂದೆ ಕೂಡಿಸಿದ್ದರ ಒಂದು ಲಾಭ ಇದೇ. ಚಾಲಕನ ಪಕ್ಕ ಎಪ್ಪತ್ತು ಕಿಲೊದ ಮನುಷ್ಯನನ್ನು ಕೂಡಿಸಿದಿರೋ, ಭಾರ ಚೂಪಿನ ಕಡೆ ಸರಿಯಿತು. ಉಣಕಲ್ಲಿನ ಇಳಿಜಾರಿನಲ್ಲಿ ತಿರುವು ತೆಗೆದುಕೊಳ್ಳುತ್ತ ಬ್ರೇಕ್ ಒತ್ತಿದರೆ ಅದು ಇನ್ನಷ್ಟು ಮುಂದಕ್ಕೆ ಜರುಗುತ್ತದೆ, ಅಲ್ಲಿ ತ್ರಿಕೋನದ ಅಗಲವೇ ಇಲ್ಲ. ಆಟೊ ಪಲ್ಟಿಯಾಗುವುದು ಬರೀ ವೇಗಕ್ಕಲ್ಲ. ತಿರುವು ಮತ್ತು ಬ್ರೇಕು ಒಟ್ಟಿಗೆ ಬಿದ್ದಾಗ ಅಪಾಯ ಹೆಚ್ಚು. ಜತೆಗೆ ಹ್ಯಾಂಡಲ್ ತಿರುಗಿಸಲು ಮೊಣಕೈಗೆ ಜಾಗವೂ ಇರುವುದಿಲ್ಲ.

ಮೇಲಿನ ಕ್ಯಾರಿಯರ್ ಮಾಡುವುದು ಇನ್ನೊಂದು ಬಗೆಯ ಕೇಡು. ಅದು ಭಾರವನ್ನು ಎತ್ತರಕ್ಕೆ ಒಯ್ಯುತ್ತದೆ. ಸ್ಟೇಷನ್ನಿನಿಂದ ನಾಲ್ಕು ಟ್ರಂಕು ಸಾಗಿಸುವ ಬಾಡಿಗೆ ಆಟೊದ ಬಾಡಿಗೆಯಲ್ಲ, ಗೂಡ್ಸ್ ಗಾಡಿಯವನದು.

“ದಪ್ಪ ಟೈರು ಹಾಕಿದರೆ ಪಲ್ಟಿ ಆಗೂದಿಲ್ಲ”

ಆಗುತ್ತದೆ. ಟೈರು ದಪ್ಪವಾದರೆ ತ್ರಿಕೋನ ಅಗಲವಾಗುವುದು ಬೆರಳಷ್ಟು. ದೊಡ್ಡದಾದರೆ ಗಾಡಿ ಎತ್ತರವಾಗಿ ಆ ಲಾಭವೂ ಹೋಯಿತು. ಹೆಚ್ಚಿನ ಪೆಟ್ರೋಲ್, ಗ್ಯಾಸ್ ಆಟೊಗಳಿಗೆ ಬರುವ 4.00-8 ಅಳತೆಯ ಟೈರಿಗೆ ಹೊಂದಿಸಿಯೇ ಗೇರು, ಬ್ರೇಕು, ಮೀಟರು ಎಲ್ಲ ಇರುತ್ತವೆ. ಮೀಟರು ಅಳೆಯುವುದು ರಸ್ತೆಯನ್ನಲ್ಲ, ಚಕ್ರದ ಸುತ್ತುಗಳನ್ನು. ಅದಕ್ಕೆ ಲೆಕ್ಕ ಕೊಡುವ ಚಕ್ರದ ಸುತ್ತಳತೆ ನೂರಕ್ಕೆ ನಾಲ್ಕು ಹೆಚ್ಚಾದರೆ 25 ಕಿಲೊಮೀಟರಿಗೆ ಹತ್ತಿರಹತ್ತಿರ ಒಂದು ಕಿಲೊಮೀಟರು ಲೆಕ್ಕಕ್ಕೇ ಬರುವುದಿಲ್ಲ. (ನಮ್ಮೂರಲ್ಲಿ ಮೀಟರಿನ ಮೇಲೆ ಬರುವವರು ಯಾರು ಎಂದು ಕೇಳಬೇಡಿ, ಅದು ಬೇರೆಯದೇ ಲೇಖನ.) ಗಾಳಿಯನ್ನು ಪುಸ್ತಕದಲ್ಲಿ ಹೇಳಿದಷ್ಟು ಇಟ್ಟುಕೊಂಡರೆ ಸಾಕು.

ಇನ್ನು ಕೆಲವು ಚಿಲ್ಲರೆ ನಂಬಿಕೆಗಳು

ಸೈಲೆನ್ಸರಿನ ಒಳಗಿನದನ್ನು ತೆಗೆಸಿದರೆ ಮೈಲೇಜು ಬರುತ್ತದೆ ಎಂಬುದು ಸುಳ್ಳು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಭಾಗವೇ ಅಲ್ಲಿರುತ್ತದೆ. ಸದ್ದು ಬರುತ್ತದೆ, ಮೈಲೇಜಲ್ಲ. ರಾಗ ರಾಗವಾಗಿ ಕೂಗುವ ಹಾರ್ನು ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ನಿಷಿದ್ಧ. ಕಾರಿನ ದುಬಾರಿ ಆಯಿಲ್ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆ ಎನ್ನುವವರಿಗೆ ಒಂದು ಮಾತು: ಎಂಜಿನ್ ಆಯಿಲಿನಲ್ಲೇ ಕ್ಲಚ್ ಪ್ಲೇಟುಗಳೂ ಮುಳುಗಿರುವ ಆಟೊದಲ್ಲಿ, ಘರ್ಷಣೆ ತಗ್ಗಿಸಲೆಂದೇ ಮಾಡಿದ ಕಾರಿನ ಆಯಿಲ್ ಕ್ಲಚ್ಚನ್ನು ಜಾರಿಸಬಹುದು.

ಇವೆಲ್ಲದರ ಮೇಲೆ ಕಾನೂನಿನ 52ನೇ ಸೆಕ್ಷನ್ ಕೂತಿದೆ. ಆರ್.ಸಿ.ಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕ ಮಾಡಿಸಿದ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾದರೆ ಏನು ಹಾಕಿಸಬೇಕು?

ಅದನ್ನು ಈ ಊರಿನ ಹವೆಯೇ ಹೇಳುತ್ತದೆ. ಧಾರವಾಡ ಅರೆಮಲೆನಾಡು, ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ಸುಲಭಕ್ಕೆ ಬಿಡುವುದಿಲ್ಲ. ಎರಡೂ ಬದಿಗೆ ಒಳ್ಳೆಯ ರೆಕ್ಸಿನ್ ಪರದೆ ಮೊದಲು. ಅದು ಪಾರದರ್ಶಕ ಪಟ್ಟಿ ಇರುವಂಥದಾಗಿರಲಿ, ಇಲ್ಲದಿದ್ದರೆ ಬಾಜೂಕಿನಿಂದ ಬರುವ ಬೈಕು ಕಾಣುವುದಿಲ್ಲ. ಕಾಲಡಿಗೆ ರಬ್ಬರ್ ಮ್ಯಾಟು, ಚಕ್ರಗಳ ಹಿಂದೆ ಮಡ್‌ಫ್ಲ್ಯಾಪು. ಬಲಬದಿಗೆ ಕಂಬಿ ಇಲ್ಲದಿದ್ದರೆ ಹಾಕಿಸಿ, ಮಕ್ಕಳು ರಸ್ತೆಯ ನಡುವಿಗೆ ಇಳಿಯುವುದು ತಪ್ಪುತ್ತದೆ. ಹಿಂದುಗಡೆ ಪ್ರತಿಫಲಿಸುವ ಕೆಂಪು ಪಟ್ಟಿ, ಕೈಗೆ ಸಿಗುವ ಹಾಗೆ ಬೆಂಕಿ ಆರಿಸುವ ಸಣ್ಣ ಸಿಲಿಂಡರು.

ಹುಬ್ಬಳ್ಳಿಯ ಧೂಳಿಗೆ ಮಾತ್ರ ಯಾವ ಫಿಟ್ಟಿಂಗೂ ಇಲ್ಲ, ದುಡಿಮೆ ಒಂದೇ. ಎರೆಮಣ್ಣಿನ ಹುಡಿ, ಚೆನ್ನಮ್ಮ ವೃತ್ತದ ಫ್ಲೈಓವರ್ ಕಾಮಗಾರಿಯ ಪುಡಿ, ಎಲ್ಲವೂ ಏರ್ ಫಿಲ್ಟರಿಗೇ ಬರುತ್ತವೆ. ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬಿಚ್ಚಿ ನೋಡಿ. ‘ಪಿಕಪ್’ ಆಸೆಗೆ ಫಿಲ್ಟರು ತೆಗೆದು ಓಡಿಸಿದರೆ ಆ ಮಣ್ಣು ಪಿಸ್ಟನ್ನನ್ನೇ ಉಜ್ಜುತ್ತದೆ.

ಶಂಕರ್‌ನಾಗ್ ಚಿತ್ರಕ್ಕೆ ನನ್ನ ತಕರಾರಿಲ್ಲ. 1980ರಲ್ಲಿ ‘ಆಟೊ ರಾಜ’ ಬಂದಾಗಿನಿಂದ ಅವರು ಆಟೊದವರ ಮನೆಯವರೇ. ಪಕ್ಕದಲ್ಲಿ ಸಿದ್ಧಾರೂಢರೂ ಇರಲಿ. ಸ್ಟಿಕ್ಕರು ಕರೆಂಟು ಎಳೆಯುವುದಿಲ್ಲ, ಭಾರ ಏರಿಸುವುದಿಲ್ಲ. ಹಿಂದಿನ ಕಿಟಕಿಗೆ ಮಾತ್ರ ಅಂಟಿಸಬೇಡಿ, ಬೆನ್ನಿಗೆ ಬಂದ ಲಾರಿ ಕನ್ನಡಿಯಲ್ಲಿ ಕಾಣಬೇಕಲ್ಲ.