ಅಂಚಿನಲ್ಲಿ ಬರೆದವರು ಯಾರು?

1970ರ ನವೆಂಬರ್ ತಿಂಗಳು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬ್ಲ್ಯಾಕ್‌ಫರ್ಡ್ ಗುಡ್ಡದ ಮೇಲಿರುವ ರಾಯಲ್ ಅಬ್ಸರ್ವೇಟರಿಗೆ ಹಾರ್ವರ್ಡಿನ ಖಗೋಳ ವಿಜ್ಞಾನಿ ಓವನ್ ಗಿಂಗರಿಚ್ ಬಂದಿದ್ದರು. ಅಲ್ಲಿ ದೂರದರ್ಶಕಗಳಷ್ಟೇ ಅಲ್ಲ, ಕ್ರಾಫರ್ಡ್ ಮನೆತನದ ಶ್ರೀಮಂತನೊಬ್ಬ ಹಿಂದಿನ ಶತಮಾನದಲ್ಲಿ ದಾನ ಕೊಟ್ಟಿದ್ದ ಹಳೆಯ ಪುಸ್ತಕಗಳ ಭಂಡಾರವೂ ಇತ್ತು. ಗಿಂಗರಿಚ್ ಅದರೊಳಗಿಂದ ಒಂದು ದಪ್ಪ ಪುಸ್ತಕವನ್ನು ತೆಗೆಸಿದರು. 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ, ಕೊಪರ್ನಿಕಸ್‌ನ ‘ದೆ ರೆವಲ್ಯೂಷನಿಬಸ್’. ಭೂಮಿಯನ್ನು ವಿಶ್ವದ ನಡುವಿನಿಂದ ಎಬ್ಬಿಸಿ ಸೂರ್ಯನ ಸುತ್ತ ಓಡಿಸಿದ ಪುಸ್ತಕ. ರಟ್ಟು ತೆರೆದರು. ಅಚ್ಚಿನ ಸಾಲುಗಳ ಪಕ್ಕದಲ್ಲಿ ಸಣ್ಣ ಅಕ್ಷರದ ಲ್ಯಾಟಿನ್ ಕೈಬರಹ. ಹಾಳೆ ಮಗುಚಿದರೆ ಇನ್ನಷ್ಟು. ಬರೆದವನು ದಣಿಯುವ ಲಕ್ಷಣವೇ ಇರಲಿಲ್ಲ. ಪುಸ್ತಕದ ಕೊನೆಯವರೆಗೂ ಲೇಖನಿ ಹಿಡಿದೇ ಓದಿದ್ದ.

ಗಿಂಗರಿಚ್ ಬೆರಗಾಗಲು ಕಾರಣವಿತ್ತು. ಆರ್ಥರ್ ಕೋಸ್ಲರ್ ಎಂಬ ಹೆಸರಾಂತ ಲೇಖಕ 1959ರಲ್ಲಿ ಪ್ರಕಟಿಸಿದ ‘ದಿ ಸ್ಲೀಪ್‌ವಾಕರ್ಸ್’ ಗ್ರಂಥದಲ್ಲಿ, ಕೊಪರ್ನಿಕಸ್‌ನ ಪುಸ್ತಕವನ್ನು ಯಾರೂ ಓದಲೇ ಇಲ್ಲ ಎಂದು ಷರಾ ಬರೆದುಬಿಟ್ಟಿದ್ದ. ಮಾತು ಚುರುಕಾಗಿತ್ತು, ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಪುಸ್ತಕವನ್ನು ನೋಡಿದವರಿಗೆ ಅದು ಸುಳ್ಳೆನಿಸುವಂತೆಯೂ ಇರಲಿಲ್ಲ. ಮೊದಲ ಕೆಲವು ಅಧ್ಯಾಯ ದಾಟಿದರೆ ಮುಂದೆಲ್ಲ ರೇಖಾಗಣಿತ, ಕೋಷ್ಟಕ, ಅಂಕಿಗಳ ಕಾಡು. ಸ್ವಲ್ಪ ದಿನಗಳ ಹಿಂದಷ್ಟೇ ಗಿಂಗರಿಚ್ ಮತ್ತು ವಿಜ್ಞಾನದ ಇತಿಹಾಸ ಬಲ್ಲ ಗೆಳೆಯರೊಬ್ಬರು ಕೂತು, ಹದಿನಾರನೆಯ ಶತಮಾನದಲ್ಲಿ ಇದನ್ನು ನಿಜಕ್ಕೂ ಪೂರ್ತಿ ಓದಿದವರು ಯಾರಿರಬಹುದು ಎಂದು ಪಟ್ಟಿ ಮಾಡಿದ್ದರು. ಪಟ್ಟಿ ಹತ್ತರ ಗಡಿಯನ್ನೂ ಮುಟ್ಟಿರಲಿಲ್ಲ. ಈಗ ನೋಡಿದರೆ ಕೈಗೆ ಸಿಕ್ಕ ಪ್ರತಿಯಲ್ಲೇ ಅಂಚು ಅಂಚಿಗೂ ಶಾಯಿ.

ಬರೆದವನು ಯಾರು? ಹೆಸರು ಹಾಕಿರಲಿಲ್ಲ. ತಪ್ಪಾಗಿ ಅಚ್ಚಾದ ಅಂಕಿಗಳನ್ನು ತಿದ್ದಿದ್ದ, ಲೆಕ್ಕಗಳನ್ನು ಮತ್ತೆ ಮಾಡಿ ನೋಡಿದ್ದ. ಅಂದರೆ ಕಸುಬು ಬಲ್ಲವನು. ಮುಖಪುಟದಲ್ಲೇ ಒಂದು ಲ್ಯಾಟಿನ್ ವಾಕ್ಯ ಬರೆದಿದ್ದ: ಆಕಾಶದ ಚಲನೆ ಏಕರೂಪದ್ದು ಮತ್ತು ವೃತ್ತಾಕಾರದ್ದು, ಇಲ್ಲವೇ ಅಂಥ ಚಲನೆಗಳಿಂದಲೇ ಕೂಡಿದ್ದು. ಇದು ಖಗೋಳ ಶಾಸ್ತ್ರದ ಮೂಲ ಸೂತ್ರ ಎಂಬ ಅರ್ಥದ ತಲೆಬರಹವೂ ಅದಕ್ಕಿತ್ತು. ಕೊಪರ್ನಿಕಸ್‌ನ ಪುಸ್ತಕದ ನೆತ್ತಿಯ ಮೇಲೆ ಸೂರ್ಯನ ಮಾತಿಲ್ಲ, ಭೂಮಿಯ ಮಾತಿಲ್ಲ, ವೃತ್ತದ ಮಾತು! ಈ ವಾಕ್ಯ ಆಗ ಒಗಟಾಗಿಯೇ ಉಳಿಯಿತು. ಸುಳಿವು ಸಿಕ್ಕಿದ್ದು ಒಳಗಿನ ಹಾಳೆಗಳಲ್ಲಲ್ಲ, ರಟ್ಟಿನ ಮೇಲೆ. ನಾಲ್ಕು ಶತಮಾನಗಳ ಸವೆತದಲ್ಲಿ ಮಸುಕಾಗಿದ್ದರೂ ತೊಗಲಿನ ಹೊದಿಕೆಯಲ್ಲಿ ಒತ್ತಿದ್ದ ಅಕ್ಷರಗಳನ್ನು ಓದಬಹುದಿತ್ತು: ಇ, ಆರ್, ಎಸ್. ಎರಾಸ್ಮಸ್ ರೈನ್‌ಹೋಲ್ಡ್, ಸಾಲ್ಫೆಲ್ಡ್ ಊರಿನವನು. ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ. ಕೊಪರ್ನಿಕಸ್‌ನ ಲೆಕ್ಕಗಳನ್ನು ಆಧರಿಸಿ 1551ರಲ್ಲಿ ಗ್ರಹಗಳ ‘ಪ್ರೂಟೆನಿಕ್ ಕೋಷ್ಟಕ’ಗಳನ್ನು ಹೊರತಂದವನು. ಎರಡೇ ವರ್ಷಕ್ಕೆ ಪ್ಲೇಗಿಗೆ ಬಲಿಯಾದವನು. ಬೇರೆಡೆ ಉಳಿದಿದ್ದ ಅವನ ಕೈಬರಹವೂ ತಾಳೆಯಾಯಿತು.

ಇಲ್ಲಿಗೇ ನಿಲ್ಲಿಸಿ ಒಂದು ಲೇಖನ ಬರೆದು ಸುಮ್ಮನಾಗಬಹುದಿತ್ತು. ಗಿಂಗರಿಚ್ ಅವರನ್ನು ಕೊರೆದದ್ದು ಬೇರೆ ಪ್ರಶ್ನೆ. ಓದಿದವರು ಬೆರಳೆಣಿಕೆಯವರೇ ಆಗಿದ್ದರೆ, ತೆರೆದ ಮೊದಲ ಪ್ರತಿಯೇ ಆ ಕಾಲದ ಮಹಾ ಗಣಿತಜ್ಞನದಾಗಿರುವುದು ಹೇಗೆ? ಒಂದೋ ಅದೃಷ್ಟ ವಿಪರೀತ, ಇಲ್ಲವೇ ಕೋಸ್ಲರ್ ಹೇಳಿದ್ದು ಸುಳ್ಳು. ತಿಳಿಯಲು ಒಂದೇ ದಾರಿ: ಇನ್ನಷ್ಟು ಪ್ರತಿಗಳನ್ನು ತೆರೆದು ನೋಡುವುದು. 1973ಕ್ಕೆ ಕೊಪರ್ನಿಕಸ್ ಹುಟ್ಟಿ ಐನೂರು ವರ್ಷ ತುಂಬುವುದಿತ್ತು, ಹೇಗೂ ಏನಾದರೂ ಬರೆಯಬೇಕಿತ್ತು. ಅಷ್ಟರೊಳಗೆ ಮುಗಿಸಬಹುದಾದ ಸಣ್ಣ ಕೆಲಸ ಎಂಬ ಅಂದಾಜಿನಲ್ಲಿ ಹೊರಟರು. ಮುಗಿದದ್ದು ಮೂವತ್ತು ವರ್ಷಗಳ ಮೇಲೆ.

ಕೆಲಸದ ರೀತಿ ಮಾತ್ರ ಸರಳವಾಗಿತ್ತು. 1543ರ ಮೊದಲ ಮುದ್ರಣ ಮತ್ತು 1566ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಎರಡನೆಯ ಮುದ್ರಣ, ಇವೆರಡರ ಪ್ರತಿಗಳು ಜಗತ್ತಿನಲ್ಲಿ ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಹೋಗಬೇಕು. ಹಾಳೆಯ ಉದ್ದಗಲ ಅಳೆಯಬೇಕು, ಹೊದಿಕೆಯನ್ನು ವಿವರಿಸಬೇಕು, ಹಿಂದಿನ ಒಡೆಯರ ಹೆಸರು ಬರೆದುಕೊಳ್ಳಬೇಕು, ಅಂಚಿನ ಟಿಪ್ಪಣಿಗಳನ್ನು ಓದಬೇಕು. ಪುಸ್ತಕಗಳೋ ಕೈಯಿಂದ ಕೈಗೆ ಮಾರಾಟವಾಗಿ ಬಂದವು. ಹೊಸ ಒಡೆಯ ಹಳೆಯವನ ಹೆಸರನ್ನು ಹೊಡೆದುಹಾಕಿ ತನ್ನದನ್ನು ಬರೆದಿರುತ್ತಿದ್ದ. ರಟ್ಟು ಕಟ್ಟುವವನು ಅಂಚು ಕತ್ತರಿಸುವಾಗ ಟಿಪ್ಪಣಿಯ ಅರ್ಧ ಅಕ್ಷರಗಳೂ ಹಾರಿಹೋಗಿರುತ್ತಿದ್ದವು. ಇನ್ನು ಕೆಲವು ಪ್ರತಿಗಳನ್ನು ಮಾರುವ ಮುನ್ನ ಯಾರೋ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ತೊಳೆದೇಬಿಟ್ಟಿದ್ದರು! ಹಳೆಯ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ದ್ರೋಹ ಇರಲಾರದು. ಅದು ಶೀತಲ ಸಮರದ ಕಾಲ ಬೇರೆ. ಪೋಲೆಂಡ್, ಪೂರ್ವ ಜರ್ಮನಿ, ಸೋವಿಯತ್ ಒಕ್ಕೂಟದ ಗ್ರಂಥಾಲಯಗಳೊಳಗೆ ಅಮೆರಿಕದವರು ಕಾಲಿಡಬೇಕೆಂದರೆ ಪತ್ರ, ಪರವಾನಗಿ, ಕಾಯುವಿಕೆ. ಪಟ್ಟಿಯಲ್ಲಿದ್ದ ಪುಸ್ತಕ ಕಪಾಟಿನಲ್ಲಿ ಇಲ್ಲದಿರುವುದೂ ಉಂಟು, ಯುದ್ಧಗಳಲ್ಲಿ ಸುಟ್ಟು ಹೋದವೂ ಉಂಟು.

ಕಳವಾದವೂ ಇದ್ದವು. ಗಿಂಗರಿಚ್ ಅವರ ಅಳತೆಪಟ್ಟಿಗೆ ಯಾರೂ ಎಣಿಸದ ಉಪಯೋಗವೊಂದು ಒದಗಿಬಂದದ್ದು ಅಲ್ಲೇ. ಕದ್ದವನು ಮುದ್ರೆ ಕೆರೆದು ಹಾಕಬಹುದು, ಆದರೆ ಹುಳು ಕೊರೆದ ತೂತು, ಕಲೆ, ಟಿಪ್ಪಣಿಗಳನ್ನೆಲ್ಲ ಮರೆಮಾಚುವುದು ಹೇಗೆ? ಕಳವು ಮಾಲಿನ ಮೊಕದ್ದಮೆಯೊಂದರಲ್ಲಿ ಈ ಪ್ರಾಧ್ಯಾಪಕರು ವಾಷಿಂಗ್ಟನ್ನಿನ ನ್ಯಾಯಾಲಯದ ಕಟಕಟೆ ಹತ್ತಿ ಸಾಕ್ಷಿ ನುಡಿಯಬೇಕಾಯಿತು. ಪುಸ್ತಕದ ಬೆಲೆಯೂ ಅಂಥದ್ದೇ: 2008ರ ಹರಾಜಿನಲ್ಲಿ ಮೊದಲ ಮುದ್ರಣದ ಒಂದು ಪ್ರತಿ 22 ಲಕ್ಷ ಡಾಲರ್‌ಗೆ ಹೋಯಿತು. ಚಲಾವಣೆಯ ನಾಣ್ಯಗಳ ಬೆಲೆ ಕುಸಿಯುವುದರ ಬಗ್ಗೆ 1526ರಲ್ಲಿ ಪ್ರಬಂಧವನ್ನೇ ಬರೆದಿದ್ದ ಕೊಪರ್ನಿಕಸ್‌ಗೆ ಈ ಸುದ್ದಿ ತಲುಪಿದ್ದರೆ ಏನನ್ನುತ್ತಿದ್ದನೋ.

ಒಂದೊಂದೇ ಪ್ರತಿ ತನ್ನ ಒಡೆಯನ ಗುಟ್ಟನ್ನು ಬಿಟ್ಟುಕೊಟ್ಟಿತು. ಲೈಪ್‌ಜಿಗ್‌ನಲ್ಲಿದ್ದ ಕೆಪ್ಲರನ ಪ್ರತಿ ಅವನ ಕೈಗೂ ಎರಡನೆಯ ಕೈಯಾಗಿ ಬಂದದ್ದು. ಅದನ್ನು ಮೊದಲು ಪಡೆದಿದ್ದವನಿಗೆ ಮುದ್ರಕ ಪೆಟ್ರಿಯಸ್‌ನ ಪರಿಚಯವಿತ್ತು. ಪುಸ್ತಕದ ಆರಂಭದಲ್ಲಿ ‘ಇದೆಲ್ಲ ಬರೀ ಲೆಕ್ಕದ ಅನುಕೂಲಕ್ಕೆ, ನಿಜವೆಂದು ನಂಬಬೇಕಿಲ್ಲ’ ಎಂಬ ಧಾಟಿಯ, ಹೆಸರಿಲ್ಲದ ಮುನ್ನುಡಿಯೊಂದಿದೆ. ಅದರ ಮೇಲೆ ಆತ ಬರೆದವನ ಹೆಸರನ್ನು ಗುರುತು ಹಾಕಿಟ್ಟಿದ್ದ: ಓಸಿಯಾಂಡರ್, ನ್ಯೂರೆಂಬರ್ಗಿನ ಪಾದ್ರಿ. ಕೆಪ್ಲರ್ 1609ರಲ್ಲಿ ಗುಟ್ಟು ರಟ್ಟು ಮಾಡಿದ್ದು ಈ ಕೈಬರಹದ ಬಲದಿಂದ. ಗೆಲಿಲಿಯೊನ ಪ್ರತಿ ಫ್ಲಾರೆನ್ಸಿನಲ್ಲಿ ಸಿಕ್ಕಾಗ ಗಿಂಗರಿಚ್ ಮೊದಲು ನಂಬಲಿಲ್ಲ, ಅಷ್ಟು ಕಡಿಮೆ ಬರಹ ಅದರಲ್ಲಿತ್ತು. ಹೆಚ್ಚಿಗೆ ಇದ್ದದ್ದೆಂದರೆ 1620ರಲ್ಲಿ ಚರ್ಚ್ ಹೊರಡಿಸಿದ ತಿದ್ದುಪಡಿಗಳು. ಅಪ್ಪಣೆಯಂತೆ ಸಾಲುಗಳನ್ನು ಹೊಡೆದುಹಾಕಿದ್ದ, ಆದರೆ ಎಷ್ಟು ತೆಳುವಾಗಿ ಎಂದರೆ ಕೆಳಗಿನ ಅಕ್ಷರಗಳನ್ನು ಆರಾಮಾಗಿ ಓದಬಹುದಿತ್ತು.

ಕತೆ ನಿಜವಾಗಿ ತಿರುವು ಪಡೆದದ್ದು ವ್ಯಾಟಿಕನ್ನಿನಲ್ಲಿ. ಅಲ್ಲಿಯ ಒಂದು ಪ್ರತಿಯಲ್ಲಿ ಎಷ್ಟು ಬರಹವಿತ್ತೆಂದರೆ, ಗ್ರಂಥಾಲಯದವರು ಅಚ್ಚಾದ ಆ ಪುಸ್ತಕವನ್ನು ಹಸ್ತಪ್ರತಿಗಳ ಸಾಲಿಗೇ ಸೇರಿಸಿದ್ದರು. ಕೊನೆಯಲ್ಲಿ ಸೇರಿಸಿ ಕಟ್ಟಿದ್ದ ಹಾಳೆಗಳಲ್ಲಿ ಕೈಯಾರೆ ಬರೆದ ಗ್ರಹಪಥಗಳ ಚಿತ್ರಗಳು. ಕೊಪರ್ನಿಕಸ್‌ನ ವ್ಯವಸ್ಥೆಯನ್ನೇ ಎತ್ತಿಕೊಂಡು, ಭೂಮಿ ನಿಂತಲ್ಲೇ ನಿಂತಿರುವಂತೆ ಅದನ್ನು ಹೊಂದಿಸುವ ಪ್ರಯತ್ನ. ಇದನ್ನು ಕಂಡ ಯಾವ ಖಗೋಳ ಇತಿಹಾಸಕಾರನಿಗೂ ನೆನಪಾಗುವುದು ಒಂದೇ ಹೆಸರು: ಡೆನ್ಮಾರ್ಕಿನ ಟೈಕೊ ಬ್ರಾಹೆ. ಸೂರ್ಯ ಭೂಮಿಯನ್ನೂ ಉಳಿದ ಗ್ರಹಗಳು ಸೂರ್ಯನನ್ನೂ ಸುತ್ತುವ ವ್ಯವಸ್ಥೆಯನ್ನು 1588ರಲ್ಲಿ ಪ್ರಕಟಿಸಿದವನು. ಪ್ರಾಗ್ ನಗರದಲ್ಲಿ ಇನ್ನೊಂದು ಪ್ರತಿ ಟೈಕೊನದೆಂದೇ ಪ್ರಸಿದ್ಧವಾಗಿತ್ತು, ಅದರ ಯಥಾಪ್ರತಿ ಮುದ್ರಣವೂ ಬಂದಿತ್ತು. ಎರಡರ ಅಕ್ಷರವೂ ಒಂದೇ. ಸಾಲದ್ದಕ್ಕೆ ಒಂದು ಚಿತ್ರದ ಮೇಲೆ ತಾರೀಖು ಇತ್ತು: 1578ರ ಜನವರಿ 27. ಟೈಕೊ 1577ರ ಮಹಾ ಧೂಮಕೇತುವನ್ನು ಕೊನೆಯ ಬಾರಿ ನೋಡಿದ್ದು ಜನವರಿ 26ರಂದು! ಧೂಮಕೇತು ಮರೆಯಾದ ಮರುದಿನವೇ ಆತ ಕೂತು ವಿಶ್ವದ ಹೊಸ ನಕ್ಷೆ ಬರೆದ ಎಂದರೆ ಇನ್ನೇನು ಬೇಕು? ಗಿಂಗರಿಚ್ ಹಿಂದೆಮುಂದೆ ನೋಡದೆ ಲೋಕಕ್ಕೆ ಸಾರಿದರು. ರಾಬರ್ಟ್ ವೆಸ್ಟ್‌ಮನ್ ಎಂಬ ಇತಿಹಾಸಕಾರರೊಂದಿಗೆ ಸೇರಿ ಈ ಟಿಪ್ಪಣಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆಯಲು ಕೂತರು.

ಅಷ್ಟರಲ್ಲಿ ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಮೂರನೆಯ ಪ್ರತಿ ಸಿಕ್ಕಿತು. ಅದೇ ಅಕ್ಷರ. ಒಬ್ಬನೇ ಮನುಷ್ಯ ಒಂದೇ ಪುಸ್ತಕದ ಮೂರು ಮೂರು ಪ್ರತಿಗಳನ್ನು ಇಟ್ಟುಕೊಂಡು ಮೂರರಲ್ಲೂ ಗೀಚುತ್ತ ಕೂರುವುದೆಂದರೇನು? ಸಂತೋಷದ ಜಾಗದಲ್ಲಿ ಸಂಶಯ ಬಂದು ಕೂತಿತು. ಇಬ್ಬರೂ ಮತ್ತೆ ಮೊದಲಿನಿಂದ ಶುರು ಮಾಡಿದರು. ಟೈಕೊನ ಸುತ್ತ ಓಡಾಡಿದ್ದವರ ಪೈಕಿ ಇಂಥ ಚಿತ್ರ ಬರೆಯಬಲ್ಲ ಗಣಿತ ಯಾರಿಗೆ ಗೊತ್ತಿತ್ತು? ಒಬ್ಬನ ಹೆಸರು ಉಳಿಯಿತು. ಬ್ರೆಸ್ಲಾವ್ ಊರಿನ, ಅಂದರೆ ಇಂದಿನ ಪೋಲೆಂಡಿನ ವ್ರೊತ್ಸ್ವಾಫಿನ, ಪಾಲ್ ವಿಟಿಷ್. ಆತನದೇ ಎಂದು ಖಚಿತವಿದ್ದ ಬರಹದ ಪಕ್ಕದಲ್ಲಿ ಈ ಟಿಪ್ಪಣಿಗಳನ್ನಿಟ್ಟು ನೋಡಿದಾಗ ವಾದಕ್ಕೆ ಜಾಗವೇ ಉಳಿಯಲಿಲ್ಲ. ಟೈಕೊ ಅಲ್ಲ. ಧೂಮಕೇತುವಿನ ತಾರೀಖು ಬರೀ ಕಾಕತಾಳೀಯ. ಮುಂದೆ ನಾಲ್ಕನೆಯ ಪ್ರತಿ ವಿಟಿಷ್‌ನ ಊರಿನಲ್ಲೇ ಸಿಕ್ಕಿತು.

ಬದುಕಿದ್ದಾಗ ಒಂದು ಸಾಲನ್ನೂ ಅಚ್ಚು ಹಾಕಿಸದ ಮನುಷ್ಯ ಈತ. 1580ರಲ್ಲಿ ವೆನ್ ದ್ವೀಪಕ್ಕೆ, ಟೈಕೊನ ಅರಮನೆಯಂಥ ವೀಕ್ಷಣಾಲಯಕ್ಕೆ ಬಂದ. ಇಬ್ಬರಿಗೂ ಒಗ್ಗಿತು. ಗುಣಾಕಾರವನ್ನು ಸಂಕಲನಕ್ಕಿಳಿಸುವ ತ್ರಿಕೋನಮಿತಿಯ ಉಪಾಯವೊಂದನ್ನು ಕಲಿಸಿಕೊಟ್ಟ. ತನ್ನ ಚಿತ್ರಗಳನ್ನೂ ತೋರಿಸಿರಬೇಕು. ಕೆಲವು ತಿಂಗಳಲ್ಲೇ ಆಸ್ತಿಯ ವಿಚಾರವೇನೋ ಇದೆ, ಹೋಗಿ ಬೇಗ ಬರುತ್ತೇನೆ ಎಂದು ಹೇಳಿ ಹೊರಟ. ಹೋದವನು ಹೋದವನೇ. ಆಮೇಲೆ ಕಾಸೆಲ್‌ನಲ್ಲಿ ಕಾಣಿಸಿಕೊಂಡು ಟೈಕೊನ ಉಪಕರಣಗಳ ಮರ್ಮವನ್ನು ಅಲ್ಲಿಯ ಅರಸನಿಗೆ ವಿವರಿಸಿದ್ದು ತಿಳಿದು ಟೈಕೊ ಉರಿದುಹೋದ. 1586ರಲ್ಲಿ ವಿಟಿಷ್ ತೀರಿಕೊಂಡ. ಟೈಕೊ ಮಾತ್ರ ಆತನ ಪುಸ್ತಕಗಳ ಬೆನ್ನು ಬಿಡಲಿಲ್ಲ, ವರ್ಷಗಟ್ಟಲೆ ಜನರ ಮೂಲಕ ಹೇಳಿ ಕಳಿಸಿ ಕೊನೆಗೂ ಗಿಟ್ಟಿಸಿಕೊಂಡ. ಬೇರೆಯವನ ಕೈಬರಹ ಟೈಕೊನ ಹೆಸರಿನಲ್ಲಿ ಉಳಿದುಬಂದದ್ದು ಹೀಗೆ. ಸತ್ತವನ ಪುಸ್ತಕಗಳ ಮೇಲೆ ಅಷ್ಟೊಂದು ಆಸೆ ಏಕಿತ್ತು ಎನ್ನುವುದನ್ನು ಓದುಗರು ಊಹಿಸಬಹುದು. ವೆಸ್ಟ್‌ಮನ್ ಮತ್ತು ಗಿಂಗರಿಚ್ 1988ರಲ್ಲಿ ‘ದಿ ವಿಟಿಷ್ ಕನೆಕ್ಷನ್’ ಎಂಬ ಪುಸ್ತಕ ಬರೆದು ಹಳೆಯ ಘೋಷಣೆಯನ್ನು ತಾವೇ ಅಳಿಸಿಹಾಕಿದರು.

ಪ್ರತಿಗಳು ನೂರಾರು ಆಗುತ್ತ ಬಂದಂತೆ ಇನ್ನೊಂದು ಸಂಗತಿ ಮೇಲಕ್ಕೆ ಬಂತು. ಎಡಿನ್‌ಬರೋದ ಮುಖಪುಟದಲ್ಲಿ ಕಂಡಿದ್ದ ವೃತ್ತದ ಸೂತ್ರ ಬೇರೆ ಊರುಗಳ ಪ್ರತಿಗಳಲ್ಲೂ, ಬೇರೆಯವರ ಅಕ್ಷರದಲ್ಲಿ, ಮತ್ತೆ ಮತ್ತೆ ಸಿಕ್ಕಿತು. ಗುರುವಿನ ಟಿಪ್ಪಣಿಯನ್ನು ಶಿಷ್ಯ ತನ್ನ ಪ್ರತಿಗೆ ಇಳಿಸಿಕೊಳ್ಳುತ್ತಿದ್ದ, ಅವನದನ್ನು ಅವನ ಗೆಳೆಯ. ರೈನ್‌ಹೋಲ್ಡನ ಮಾತು ವಿಟಿಷ್‌ನಿಗೆ ತಲುಪಿತ್ತು, ವಿಟಿಷ್‌ನದು ಸ್ಕಾಟ್ಲೆಂಡಿನಿಂದ ಬಂದ ವಿದ್ವಾಂಸರಿಗೆ. ಊರೂರಿನ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟರೆ ವಂಶವೃಕ್ಷವನ್ನೇ ಬರೆಯಬಹುದಿತ್ತು. 2002ರಲ್ಲಿ ಗಿಂಗರಿಚ್ ಸುಮಾರು 600 ಪ್ರತಿಗಳ ಜನಗಣತಿಯನ್ನು ಪ್ರಕಟಿಸಿದರು. 2004ರಲ್ಲಿ ಹುಡುಕಾಟದ ಕತೆಯನ್ನು ಬರೆದಾಗ ಅದಕ್ಕೆ ಕೋಸ್ಲರನ ಮಾತನ್ನೇ ಶೀರ್ಷಿಕೆಯಾಗಿಟ್ಟು ಹಗೆ ತೀರಿಸಿಕೊಂಡರು: ‘ದಿ ಬುಕ್ ನೋಬಡಿ ರೆಡ್’.

ಮುಖಪುಟದ ಒಗಟೂ ಅಷ್ಟರಲ್ಲಿ ಬಿಡಿಸಿಕೊಂಡಿತ್ತು. ಹೆಚ್ಚಿನ ಪ್ರತಿಗಳಲ್ಲಿ ಸೂರ್ಯನನ್ನು ನಡುವಿಗಿಟ್ಟ ಚಿತ್ರವಿರುವ ಮೊದಲ ಭಾಗದ ಅಂಚುಗಳು ಬರಿದಾಗಿದ್ದವು. ಟಿಪ್ಪಣಿಗಳು ದಟ್ಟವಾಗಿದ್ದದ್ದು ಹಿಂದಿನ ಲೆಕ್ಕದ ಭಾಗಗಳಲ್ಲಿ. ಪ್ರಾಚೀನ ಟಾಲೆಮಿಯ ವ್ಯವಸ್ಥೆಯಲ್ಲಿ ಗ್ರಹದ ವೇಗ ಸಮವಾಗಿ ಕಾಣುತ್ತಿದ್ದದ್ದು ವೃತ್ತದ ಕೇಂದ್ರದಿಂದಲ್ಲ, ‘ಈಕ್ವಂಟ್’ ಎಂಬ ಪಕ್ಕದ ಬಿಂದುವಿನಿಂದ. ಸಮ ವೇಗದ ಶುದ್ಧ ವೃತ್ತವೇ ಆಕಾಶದ ನಿಯಮ ಎಂದು ನಂಬಿದ್ದವರಿಗೆ ಇದು ಕಣ್ಣಿನ ಕಸ. ಕೊಪರ್ನಿಕಸ್ ಆ ಬಿಂದುವನ್ನು ಕಿತ್ತೆಸೆದು ಅದರ ಕೆಲಸವನ್ನು ಸಣ್ಣ ಸಣ್ಣ ವೃತ್ತಗಳಿಂದ ಮಾಡಿಸಿದ್ದ. ಆ ಕಾಲದ ಪಂಡಿತರು ಆತನನ್ನು ಮೆಚ್ಚಿದ್ದು ಇದಕ್ಕೆ. ಭೂಮಿ ತಿರುಗುತ್ತದೆಂಬ ಮಾತನ್ನು ಅವರು ನೋಡಿಯೂ ನೋಡದಂತೆ ದಾಟಿ ಹೋಗಿದ್ದರು. ಇದಕ್ಕೆ ಎದ್ದುಕಾಣುವ ಅಪವಾದವೆಂದರೆ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ನಲ್ಲಿರುವ ಪ್ರತಿ. ಅದರಲ್ಲಿ ಮೊದಲ ಭಾಗದಿಂದಲೇ ಟಿಪ್ಪಣಿಗಳು ಕಿಕ್ಕಿರಿದಿವೆ. ಬರೆದವನು ಮಿಖಾಯೆಲ್ ಮೆಸ್ಟ್ಲಿನ್, ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಮೇಷ್ಟ್ರು. ಯೊಹಾನಸ್ ಕೆಪ್ಲರ್ ಅವನ ವಿದ್ಯಾರ್ಥಿಯಾಗಿದ್ದ.