ಯೆಜ್ಡಿಯ ಉಸಿರು: ಮನೆಯಂಗಳದಲ್ಲೇ ಕಾರ್ಬುರೇಟರ್ ಹೊಂದಿಸುವ ಬಗೆ

ಮುಚ್ಚಿದ ಸ್ಟುಡಿಯೊದೊಳಗೆ ಮೋಟಾರ್ ಸೈಕಲ್ ಚಾಲೂ ಮಾಡುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮೈಗೇರಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ ಹಳೆಯ ಬೈಕುಗಳ ಆರೈಕೆ ಕುರಿತ ನಮ್ಮ ಮಾತುಕತೆಯಲ್ಲಿ ಕಾರ್ಬುರೇಟರನ್ನು ಮೇಜಿನ ಮೇಲೆ ಬಿಚ್ಚಿ ತೋರಿಸಿದೆವೇ ಹೊರತು, ಓಡುವ ಎಂಜಿನ್ನಿನಲ್ಲಿ ಅದನ್ನು ಹೊಂದಿಸುವುದನ್ನು ತೋರಿಸಲಾಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ವೀಕ್ಷಕರು ಇದನ್ನು ಓದಿ ಕೆಲಸಕ್ಕೆ ಇಳಿಯುವುದಾದರೆ ದಯವಿಟ್ಟು ಅಂಗಳದಲ್ಲೇ ಇಳಿಯಬೇಕು, ಪಡಸಾಲೆಯಲ್ಲಲ್ಲ.

ಉದಾಹರಣೆಗೆ ನನ್ನ ಸೋದರಮಾವನ ಯೆಜ್ಡಿ ರೋಡ್‌ಕಿಂಗನ್ನೇ ತೆಗೆದುಕೊಳ್ಳುತ್ತೇನೆ. ಅದು ಇರುವುದು ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ, ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯ ಊರಿನಲ್ಲಿ. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮಾವನ ಗಾಡಿಯ ನಂಬರು ಮಾತ್ರ ಹಳೆಯ ಬಳ್ಳಾರಿಯದೇ.

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಈ ಗಾಡಿಗೆ ಕೈ ಹಾಕಿದ್ದೆ. "ಪೆಟ್ರೋಲ್ ಭಾಳ ಕುಡೀತೈತಿ ನೋಡಪಾ" ಎಂದರು ಮಾವ. ನಾನು ಏರ್ ಸ್ಕ್ರೂವನ್ನು ಎರಡು ಸುತ್ತು ಹೊರಕ್ಕೆ ಬಿಟ್ಟೆ, ಸೂಜಿಯ ಕ್ಲಿಪ್ಪನ್ನು ಮೇಲಿನ ಗಾಡಿಗೆರೆಗೆ ಹಾಕಿದೆ. ಗಾಡಿ ಹಗುರಾಗಿ ಓಡಿತು. ಮೂರು ದಿನ ನಾನೇ ಊರಿಗೆಲ್ಲ ಎಂಜಿನಿಯರು. ನಾಲ್ಕನೆಯ ದಿನ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹರಪನಹಳ್ಳಿಗೆ ಹೊರಟಾಗ ದಾರಿಯಲ್ಲಿ ಪಿಸ್ಟನ್ ಸೀಜ್ ಆಯಿತು. ಹಿಂದಿನ ಚಕ್ರ ಕಚ್ಚಿಕೊಂಡಿತು. ಮಾವ ಆ ಕ್ಷಣದಲ್ಲಿ ಕ್ಲಚ್ ಹಿಡಿದಿದ್ದರಿಂದ ಇಬ್ಬರೂ ಮೊಣಕೈ ತರಚಿಕೊಂಡಷ್ಟಕ್ಕೆ ಉಳಿದರು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವ ಖರ್ಚು ಆ ವರ್ಷದ ಮೆಕ್ಕೆಜೋಳದ ದುಡ್ಡಿನಲ್ಲಿ ಹೋಯಿತು. ಬೈಯಲಿಲ್ಲ, "ಓದಿದ ಹುಡುಗ ಮುಟ್ಯಾನ ಅಂತ ಬಿಟ್ಟೆ" ಅಂದರು, ಅಷ್ಟೇ.

ತಪ್ಪು ಎಲ್ಲಿತ್ತೆಂದು ತಿಳಿಯಬೇಕಾದರೆ ಕಾರ್ಬುರೇಟರ್ ಏನು ಮಾಡುತ್ತದೆಂದು ನೋಡಬೇಕು. ಹಿಂದೆ ಮನೆಮನೆಯಲ್ಲಿ ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪು ಇರುತ್ತಿತ್ತಲ್ಲ, ತತ್ತ್ವ ಅದೇ. ಗಾಳಿ ಇಕ್ಕಟ್ಟಾದ ಜಾಗದಲ್ಲಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಪೂರ್ತಿ ಒತ್ತಡ ಇರುವುದರಿಂದ ಅದು ಸಣ್ಣ ರಂಧ್ರದಲ್ಲಿ ಮೇಲೇರಿ ತುಂತುರಾಗಿ ಗಾಳಿಗೆ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳು, ಪೆಟ್ರೋಲ್ ಹೆಚ್ಚಾದರೆ ದಟ್ಟ.

ಯೆಜ್ಡಿ ಎರಡು ಸ್ಟ್ರೋಕಿನ ಎಂಜಿನ್. ಅದರಲ್ಲಿ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಒಳಗೆ ಹೋಗುತ್ತದೆ. ಪೆಟ್ರೋಲ್ ಕಡಿಮೆ ಮಾಡಿದರೆ ಪಿಸ್ಟನ್ನಿಗೆ ಸಿಗುವ ಆಯಿಲೂ ಕಡಿಮೆಯಾಗುತ್ತದೆ, ಮೇಲಾಗಿ ಬಿಸಿ ಏರುತ್ತದೆ. ನಾನು ಮೈಲೇಜಿನ ಆಸೆಗೆ ಎರಡೂ ಕೇಡನ್ನು ಒಟ್ಟಿಗೆ ಮಾಡಿದ್ದೆ.

ಈಗ ಕೆಲಸಕ್ಕೆ ಬರೋಣ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಏರ್ ಫಿಲ್ಟರ್, ಪ್ಲಗ್, ಪಾಯಿಂಟು ಮೂರನ್ನೂ ಸರಿ ಮಾಡಿಕೊಳ್ಳಬೇಕು. ಕಾರ್ಬುರೇಟರ್ ದೋಷವೆಂದು ತಂದ ಗಾಡಿಯಲ್ಲಿ ಪಾಯಿಂಟಿನ ದೋಷ ಸಿಕ್ಕಿದ ಉದಾಹರಣೆಗಳೇ ನನಗೆ ಹೆಚ್ಚು. ಆಮೇಲೆ ಕಾರ್ಬುರೇಟರ್ ಸಿಲಿಂಡರಿಗೆ ಕೂಡುವ ಜಾಗವನ್ನು ನೋಡಿ. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಆ ಸಂದಿಗೆ ಕುಂಚದಿಂದ ತುಸು ಟೂ-ಟಿ ಆಯಿಲ್ ಸವರಿದರೆ, ಸೋರಿಕೆ ಇದ್ದಲ್ಲಿ ಆಯಿಲ್ ಒಳಗೆಳೆದುಕೊಂಡು ಎಂಜಿನ್ ಸದ್ದು ಬದಲಾಗುತ್ತದೆ. ಹಾಗಾದರೆ ಮೊದಲು ಪ್ಯಾಕಿಂಗ್ ಬದಲಿಸಿ. ಕಳ್ಳಗಾಳಿ ಇರುವ ತನಕ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಜೆಟ್ ಕಟ್ಟಿದ್ದರೆ ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ಮೆತ್ತಗಿರುತ್ತದೆ. ರಂಧ್ರದ ವ್ಯಾಸ ನೂರಕ್ಕೆ ಹತ್ತು ಹಿಗ್ಗಿದರೆ ಅದರ ವಿಸ್ತೀರ್ಣ ನೂರಕ್ಕೆ ಇಪ್ಪತ್ತೊಂದು ಹಿಗ್ಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿದರೆ ಸಾಕು.

ಎಂಜಿನ್ನನ್ನು ಐದಾರು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ಏರ್ ಸ್ಕ್ರೂವನ್ನು ಮೆಲ್ಲಗೆ, ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸಿ. ಬಿಗಿದರೆ ಅದರ ಮೊನೆ ಕೆಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಐಡ್ಲಿಂಗ್ ಸ್ಕ್ರೂವಿನಿಂದ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿಡಿ. ಇನ್ನು ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತ, ಪ್ರತಿ ಸಲವೂ ಹತ್ತು ಸೆಕೆಂಡು ಕಾದು ಕಿವಿಗೊಡಿ. ಎಲ್ಲಿ ಸದ್ದು ಅತಿ ವೇಗವಾಗಿ, ಒಂದೇ ಸಮನಾಗಿ ಇರುತ್ತದೋ ಅಲ್ಲಿ ನಿಲ್ಲಿಸಿ. ಐಡ್ಲಿಂಗ್ ಇಳಿಸಿ, ಮತ್ತೊಮ್ಮೆ ಇದನ್ನೇ ಮಾಡಿ. ಕಡೆಗೆ ಕೂದಲೆಳೆಯಷ್ಟು ದಟ್ಟದ ಕಡೆಗೆ ತಿರುಗಿಸಿ ಬಿಡಿ. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯನ್ನು ಅಳೆಯುವ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಮಿಶ್ರಣ ದಟ್ಟವಾಗುತ್ತದೆ. ಎಂಜಿನ್ನಿನ ಕಡೆಗಿದ್ದರೆ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಅನೇಕರು ಎಡವುವುದು ಇಲ್ಲಿಯೇ.

ಆದರೆ ಈ ಸ್ಕ್ರೂವಿನ ಆಡಳಿತ ಆಕ್ಸಿಲರೇಟರ್ ಎಂಟರಲ್ಲೊಂದು ಭಾಗ ತಿರುಗುವವರೆಗೆ ಮಾತ್ರ. ಆಮೇಲೆ ಸ್ಲೈಡಿನ ಕೆಳಗಿನ ಕೊರೆತ, ಕಾಲು ಭಾಗದಿಂದ ಮುಕ್ಕಾಲರವರೆಗೆ ಸೂಜಿ, ಅದರಾಚೆಗೆ ಮೇನ್ ಜೆಟ್. ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿದರೆ ಸೂಜಿ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಮಸಿ ಹಿಡಿದಿದ್ದರೆ ದಟ್ಟ. ಬೆಳ್ಳಗೆ ಸುಣ್ಣದಂತಿದ್ದರೆ ಗಾಡಿಯನ್ನು ಮೆಲ್ಲಗೆ ಮನೆಗೆ ತನ್ನಿ.

ಇಂದಿನ ಪೆಟ್ರೋಲಿನ ಮಾತು ಬೇರೆ. ಅದರಲ್ಲಿ ಈಗ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ತನ್ನ ಒಂಬತ್ತು ಪಟ್ಟು ಗಾಳಿ ಸಾಕು. ಹೀಗಾಗಿ ಈ ಬೆರಕೆಗೆ 14.7ರ ಬದಲು ಸುಮಾರು 13.5 ಪಟ್ಟು ಗಾಳಿ; ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟರಷ್ಟು ಹೆಚ್ಚು ಇಂಧನ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಜೆಟ್ ಲೆಕ್ಕ ಹಾಕಿದವರ ಕಣ್ಣೆದುರು ಈ ಪೆಟ್ರೋಲ್ ಇರಲಿಲ್ಲ. ನಾನು ಅಂದು ಸ್ಕ್ರೂ ತಿರುಗಿಸಿ ಮಾಡಿದ ತಪ್ಪನ್ನು, ಸಣ್ಣ ಪ್ರಮಾಣದಲ್ಲಿ, ಇಂದು ಯಾರೂ ಮುಟ್ಟದೆಯೇ ಬಂಕಿನ ಪೆಟ್ರೋಲ್ ಮಾಡುತ್ತದೆ. ಕ್ಲಿಪ್ ಒಂದು ಗೆರೆ ಕೆಳಕ್ಕೆ, ಬೇಕಾದರೆ ಒಂದು ನಂಬರು ದೊಡ್ಡ ಮೇನ್ ಜೆಟ್, ಇದು ಪರಿಹಾರ. ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಎಥನಾಲ್ ಕೆಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಡಬೇಕು. ಎಥನಾಲ್ ತಯಾರಾಗುವುದು ಮೆಕ್ಕೆಜೋಳದಿಂದಲೂ ಹೌದು. "ನಾವು ಬೆಳದದ್ದ ನಮ್ಮ ಗಾಡೀಗೆ ಆಗಿಬರವಲ್ದಲ್ಲೋ" ಎಂದು ಮಾವ ನಕ್ಕರು.

ಯೆಜ್ಡಿಗೆ ಎರಡು ಸೈಲೆನ್ಸರ್ ಇದೆ, ಹಾಗಾದರೆ ಎರಡು ಕಾರ್ಬುರೇಟರನ್ನು ಸಮ ಮಾಡುವುದು ಹೇಗೆ ಎಂದು ಕೇಳುವವರಿದ್ದಾರೆ. ರೋಡ್‌ಕಿಂಗಿಗೆ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ. ಹೊಗೆಗೆ ಮಾತ್ರ ಎರಡು ದಾರಿ. ಸಮ ಮಾಡುವ ಕೆಲಸ ಬರುವುದು 1980ರ ದಶಕದ ರಾಜದೂತ್ 350ರಂಥ ಗಾಡಿಗೆ. ಅದರಲ್ಲಿ ಎರಡು ಸಿಲಿಂಡರು, ಎರಡು ಕಾರ್ಬುರೇಟರು. ಒಂದು ಸ್ಲೈಡ್ ಮೊದಲು ಎದ್ದರೆ ಒಂದು ಪಿಸ್ಟನ್ ದುಡಿಯುತ್ತದೆ, ಇನ್ನೊಂದು ಅದರ ಮೇಲೆ ಸವಾರಿ ಮಾಡುತ್ತದೆ. ಎಂಜಿನ್ ಆರಿಸಿ, ಏರ್ ಫಿಲ್ಟರಿನ ಪೈಪು ಕಳಚಿ, ಎರಡೂ ಸ್ಲೈಡಿನ ಕೆಳಗೆ ಒಂದೇ ದಪ್ಪದ ಎರಡು ಡ್ರಿಲ್ ಬಿಟ್‌ಗಳ ನುಣುಪು ತುದಿ ಇಡಿ. ಮೂರು ಮಿಲಿಮೀಟರಿನದಾದರೆ ಸಾಕು. ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸಿದಾಗ ಎರಡೂ ಒಟ್ಟಿಗೆ ಸಡಿಲಾಗಬೇಕು. ಆಗದಿದ್ದರೆ ಕೇಬಲ್ಲಿನ ತುದಿಯ ನಟ್ಟಿನಲ್ಲಿ ಹೊಂದಿಸಿ. ಬಿಟ್‌ಗಳನ್ನು ಮರೆಯದೆ ಹೊರತೆಗೆಯಿರಿ. ಇದೇ ಕೇಬಲ್ಲಿನ ಇನ್ನೊಂದು ಕವಲು ಆಯಿಲ್ ಪಂಪಿಗೆ ಹೋಗುವುದರಿಂದ ಅದರ ಗುರುತನ್ನೂ ಕಡೆಯಲ್ಲಿ ನೋಡಬೇಕು. ಎಂಜಿನ್ ಓಡುವಾಗ ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರೆ ಹೊಗೆಯ ಹೊಡೆತ ಸಮನಾಗಿದೆಯೋ ಇಲ್ಲವೋ ತಿಳಿಯುತ್ತದೆ.

ನಾಲ್ಕು ಸ್ಟ್ರೋಕಿನ ಜೋಡಿ ಕಾರ್ಬುರೇಟರುಗಳಿಗಾದರೆ ಪಿ.ಯು.ಸಿ. ಪ್ರಯೋಗಾಲಯದ ಯು-ನಳಿಗೆಯೇ ಸಾಕು. ಎರಡು ಮೂರು ಮೀಟರ್ ಪಾರದರ್ಶಕ ಪೈಪನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ತಳದಲ್ಲಿ ಟೂ-ಟಿ ಆಯಿಲ್ ತುಂಬಿ, ತುದಿಗಳನ್ನು ಎರಡೂ ಕಡೆಯ ನಿರ್ವಾತದ ರಂಧ್ರಗಳಿಗೆ ಸಿಕ್ಕಿಸಬೇಕು. ಹೆಚ್ಚು ಎಳೆಯುವ ಕಡೆ ಆಯಿಲ್ ಏರುತ್ತದೆ. ಎರಡೂ ಮಟ್ಟ ಸಮನಾಗುವಂತೆ ತಿರುಗಿಸಿದರೆ ಆಯಿತು. ಆಯಿಲ್ ಒಳಗೆ ಹೋದರೂ ಹೊಗೆಯಾಗಿ ಹೋಗುತ್ತದೆ. ಪಾದರಸ ಬೇಡ, ಅದು ವಿಷ.

ಕಳೆದ ಸಲ ನೀಲಗುಂದಕ್ಕೆ ಹೋದಾಗ ಮಾವನ ಗಾಡಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಕ್ಕೆ ಹಾಕಿದೆ. ಈ ಬಾರಿ ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಹರಪನಹಳ್ಳಿ ರಸ್ತೆಯಲ್ಲಿ ಹೋಗಿಬಂದು ಪ್ಲಗ್ ಬಿಚ್ಚಿ ಅವರ ಅಂಗೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿ, "ಇನ್ನ ಚೂರು ಕರಿ ಐತಿ, ಇರಲಿ ಬಿಡು" ಎಂದರು.