ಕೃಷಿ ಪದವಿಯತ್ತ ವಿದ್ಯಾರ್ಥಿಗಳ ಒಲವು: ಕವಲಂದೆಯ ಅಂಗಡಿಗೂ ಅದಕ್ಕೂ ಇರುವ ನಂಟು

ಮೈಸೂರು–ಚಾಮರಾಜನಗರ ರೈಲುಮಾರ್ಗದಲ್ಲಿರುವ ಕವಲಂದೆ ನಂಜನಗೂಡು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ರೈತರು ಬೀಜ, ಗೊಬ್ಬರ, ಔಷಧಿಗಾಗಿ ಬರುವ ಇಂತಹ ಊರುಗಳಲ್ಲಿ ವ್ಯಾಪಾರವೆಂದರೆ ಬಹುಪಾಲು ಬೇಸಾಯವನ್ನೇ ನೆಚ್ಚಿದ ವ್ಯಾಪಾರ. ಈ ಸೀಮೆಯ ಮಕ್ಕಳು ಕೃಷಿ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟುವುದೇಕೆ, ಓದು ಮುಗಿಸಿ ಎತ್ತ ಹೋಗುತ್ತಾರೆ ಎಂಬುದು ಕೇವಲ ಶಿಕ್ಷಣ ಇಲಾಖೆಯ ಪ್ರಶ್ನೆಯಲ್ಲ. ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಆಯ್ಕೆಯ ಹಿಂದಿನ ಲೆಕ್ಕಾಚಾರ

ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಕಾರ್ಯಾರಂಭ ಮಾಡಿತು. ಮಂಡ್ಯದ ವಿ.ಸಿ. ಫಾರಂನಲ್ಲಿ 1991ರಲ್ಲಿ ಕೃಷಿ ಕಾಲೇಜು ತೆರೆದ ಮೇಲೆ ಹಳೆಯ ಮೈಸೂರು ಭಾಗದ ಗ್ರಾಮೀಣ ಕುಟುಂಬಗಳಿಗೆ ಈ ವಿದ್ಯೆ ಇನ್ನಷ್ಟು ಸಮೀಪಕ್ಕೆ ಬಂದಿತು.

ವಿಜ್ಞಾನ ವಿಷಯಗಳಲ್ಲಿ ದ್ವಿತೀಯ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗೆ ವೈದ್ಯಕೀಯ ಸೀಟು ಎಟುಕದಿದ್ದಲ್ಲಿ, ನಾಲ್ಕು ವರ್ಷಗಳ ಬಿ.ಎಸ್ಸಿ. ಕೃಷಿ ಪದವಿ ಗೌರವಯುತವಾದ ಇನ್ನೊಂದು ಮಾರ್ಗವಾಗಿ ಕಾಣುತ್ತದೆ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುವ ಈ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಶೇ. 40ರಷ್ಟಿದ್ದ ಮೀಸಲಾತಿಯನ್ನು 2021ರಲ್ಲಿ ಸರ್ಕಾರ ಶೇ. 50ಕ್ಕೆ ಏರಿಸಿತು. ಈ ಕೋಟಾದಡಿ ಬರುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಬೇಸಾಯದ ಉಪಕರಣಗಳನ್ನು ಗುರುತಿಸಬೇಕಾದ ಆ ಪರೀಕ್ಷೆಯಲ್ಲಿ, ಹೊಲದಲ್ಲಿ ಕುಂಟೆ, ಕೂರಿಗೆಗಳ ಒಡನಾಟದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಮನೆಯ ತಿಳಿವಳಿಕೆಯೇ ಅಂಕವಾಗಿ ಪರಿಣಮಿಸುತ್ತದೆ.

ಓದಿನ ಬಳಿಕ ಕಾಣುವ ಉದ್ಯೋಗಗಳೂ ಸ್ಪಷ್ಟ: ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗಳು, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗಳು, ಬೀಜ ಮತ್ತು ಔಷಧಿ ಕಂಪನಿಗಳು, ಆಡಳಿತ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗಳು. ರಾಜ್ಯದಲ್ಲಿ ಹೋಬಳಿಗೊಂದರಂತೆ 2000ರಲ್ಲಿ ರೈತ ಸಂಪರ್ಕ ಕೇಂದ್ರಗಳು ಬಂದ ಮೇಲೆ ಕೃಷಿ ಪದವೀಧರನೆಂದರೆ ಯಾರು ಎಂಬುದು ಹಳ್ಳಿಯವರ ಕಣ್ಣಿಗೇ ಬಿದ್ದಿತು. ಅನೇಕ ಮನೆಗಳಲ್ಲಿ ಮಗನಿಗೆ ಕೃಷಿ ಓದಿಸುವುದು ಅವನು ಹೊಲಕ್ಕೆ ಮರಳಲೆಂದಲ್ಲ, ಹೊಲದಿಂದ ಸಂಬಳದ ಕಡೆಗೆ ದಾಟಲೆಂದು. ಮಳೆಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ನಂಬಿ ನೊಂದ ತಂದೆತಾಯಿಯರ ಈ ಆಸೆಯನ್ನು ಆಕ್ಷೇಪಿಸುವಂತಿಲ್ಲ. ಆದರೆ ಸರ್ಕಾರಿ ಹುದ್ದೆಗಳು ಎಲ್ಲರಿಗೂ ಸಾಲವು. ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶ ಕಾಯುತ್ತಾ ಹಲವು ವರ್ಷ ಕಳೆಯುವ ಪದವೀಧರರೂ ಇದ್ದಾರೆ.

ಅಂಗಡಿಗೆ ಬಂದ ಹೊಸ ನಿಯಮ

ಇಲ್ಲಿಯೇ ವರ್ತಕರ ಪಾತ್ರ ಆರಂಭವಾಗುತ್ತದೆ. 2015ರ ತಿದ್ದುಪಡಿಯ ಮೂಲಕ ಕೀಟನಾಶಕ ಮಾರಾಟದ ಪರವಾನಗಿಗೆ ವಿದ್ಯಾರ್ಹತೆಯನ್ನು ನಿಗದಿಪಡಿಸಲಾಯಿತು. ಕೃಷಿ ವಿಜ್ಞಾನ ಅಥವಾ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮುಂತಾದ ವಿಷಯಗಳ ಪದವಿಯಾಗಲಿ, ಕೃಷಿ ಸಂಬಂಧಿತ ಡಿಪ್ಲೊಮಾ ಆಗಲಿ ಅರ್ಜಿದಾರನಿಗೆ ಇರಬೇಕು. ಇಲ್ಲವೇ ಅಂತಹ ಅರ್ಹತೆಯುಳ್ಳ ಒಬ್ಬರನ್ನು ಅವನು ಕೆಲಸಕ್ಕೆ ಇಟ್ಟುಕೊಂಡಿರಬೇಕು. ಹಳೆಯ ಪರವಾನಗಿದಾರರಿಗೆ ಕಾಲಾವಕಾಶವನ್ನೂ ನೀಡಲಾಯಿತು. ಪದವಿಯಿಲ್ಲದ ವ್ಯಾಪಾರಿಗಳಿಗಾಗಿ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಿಂದ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾವನ್ನು ನಡೆಸುತ್ತಿದೆ.

ಕೆಲವರಿಗೆ ಇದು ಹೊರೆಯೆನಿಸಿದ್ದುಂಟು. ಆದರೆ ವ್ಯವಹಾರದ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ರೋಗ ಬಂದ ಎಲೆಯನ್ನು ಹಿಡಿದು ರೈತ ಮೊದಲು ಬರುವುದು ಅನೇಕ ವೇಳೆ ಅಂಗಡಿಗೇ. ಅಲ್ಲಿ ತಪ್ಪು ಔಷಧಿ ಕೊಟ್ಟರೆ ಬೆಳೆ ಕೈಬಿಡುತ್ತದೆ. ಬೆಳೆ ಕೈಬಿಟ್ಟರೆ ಉದ್ರಿ ಕೊಟ್ಟ ಹಣವೂ ನಿಲ್ಲುತ್ತದೆ. ಸರಿಯಾದ ಸಲಹೆ ಕೊಡಬಲ್ಲ ಪದವೀಧರನ ಸಂಬಳ ಖರ್ಚಿನ ಬಾಬ್ತು ನಿಜ. ಅದೇ ಉದ್ರಿ ವಸೂಲಿಗೆ ಒಂದು ಭದ್ರತೆಯೂ ಹೌದು. ವರ್ತಕರ ಮನೆಯ ಮಗಳೋ ಮಗನೋ ಕೃಷಿ ಪದವಿ ಪಡೆದಿದ್ದರೆ, ಆ ಪದವಿ ತಂದೆಯ ಅಂಗಡಿಯನ್ನು ಮುಂದಿನ ತಲೆಮಾರಿಗೆ ನಡೆಸಿಕೊಂಡು ಹೋಗಲು ಬೇಕಾದ ಅರ್ಹತೆಯೂ ಆಗುತ್ತದೆ.

ಸ್ವಂತ ಉದ್ಯಮದ ದಾರಿ

ನೌಕರಿ ಬೇಡವೆನ್ನುವ ಪದವೀಧರರಿಗಾಗಿ ಕೇಂದ್ರ ಸರ್ಕಾರ 2002ರಲ್ಲಿ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆಯನ್ನು ಜಾರಿಗೆ ತಂದಿತು. ತರಬೇತಿ, ಬ್ಯಾಂಕ್ ಸಾಲ ಮತ್ತು ನಬಾರ್ಡ್ ಮೂಲಕ ಸಹಾಯಧನ ಇದರ ಮೂರು ಅಂಗಗಳು. 2010ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಒಬ್ಬರೇ ಕೈಗೊಳ್ಳುವ ಯೋಜನೆಯ ವೆಚ್ಚದ ಮಿತಿ ರೂ. 20 ಲಕ್ಷವೆಂದೂ, ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44 ಎಂದೂ ನಿಗದಿಯಾಯಿತು. ಅರ್ಜಿ ಹಾಕುವ ಮುನ್ನ ಚಾಲ್ತಿಯಲ್ಲಿರುವ ಷರತ್ತುಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ನಮ್ಮ ಸೀಮೆಯಲ್ಲಿ ಇದಕ್ಕೆ ಅವಕಾಶಗಳಿಗೆ ಕೊರತೆಯಿಲ್ಲ. ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ವಿಸ್ತೀರ್ಣದಲ್ಲಿ ತೀರ ಕುಗ್ಗಿತು. ಅದರ ಪುನಶ್ಚೇತನಕ್ಕೆ ರೋಗಮುಕ್ತ ಸಸಿಗಳು ಬೇಕು; ಅಂತಹ ಸಸ್ಯಪಾಲನೆಯೇ ಒಂದು ಉದ್ಯಮ. ತಿ. ನರಸೀಪುರದ ಕಡೆ ರೇಷ್ಮೆ ಮತ್ತು ಭತ್ತಕ್ಕೆ ಸಂಬಂಧಿಸಿದ ಸೇವೆಗಳು, ಮಣ್ಣು ಪರೀಕ್ಷೆ, ಬಾಡಿಗೆ ಯಂತ್ರೋಪಕರಣ, ಸಣ್ಣ ಪ್ರಮಾಣದ ಸಂಸ್ಕರಣೆ ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಆಹಾರ ಸಂಸ್ಕರಣೆಯ ತಂತ್ರಜ್ಞಾನಕ್ಕೆ ಮೈಸೂರಿನಲ್ಲಿ ಸಿ.ಎಫ್.ಟಿ.ಆರ್.ಐ., ರೇಷ್ಮೆಗೆ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ಬೇಸಾಯದ ಮಾರ್ಗದರ್ಶನಕ್ಕೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿಯೇ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ ಇವೆ.

ಸದಸ್ಯರು ಮಾಡಬಹುದಾದುದು

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯುತ್ತಾರೆ; ಉದ್ದಿಮೆಗಳಲ್ಲಿ ಕೆಲಸ ಕಲಿಯುವ ಅವಧಿಯೂ ಪಠ್ಯಕ್ರಮದಲ್ಲಿದೆ. ಆ ಅವಧಿಯಲ್ಲಿ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ತಮ್ಮ ಅಂಗಡಿ, ಗಿರಣಿ, ಕಾರ್ಖಾನೆಗಳಲ್ಲಿ ಅವಕಾಶ ನೀಡುವಂತೆ ಸದಸ್ಯರು ಕಾಲೇಜುಗಳನ್ನು ಸಂಪರ್ಕಿಸಬಹುದು. ಇದಕ್ಕೆ ತಗಲುವ ವೆಚ್ಚ ಅಲ್ಪ. ಯಾರು ಕೆಲಸಕ್ಕೆ ತಕ್ಕವರೆಂದು ಉದ್ದಿಮೆದಾರರಿಗೂ, ಪೇಟೆಯಲ್ಲಿ ತನಗೂ ಸ್ಥಾನವುಂಟೆಂದು ವಿದ್ಯಾರ್ಥಿಗೂ ಇದರಿಂದ ತಿಳಿಯುತ್ತದೆ.

ಮಕ್ಕಳು ಕೃಷಿ ಪದವಿಯನ್ನು ಆರಿಸುವುದು ಅದರಾಚೆ ಒಂದು ನಿಶ್ಚಿತ ಜೀವನೋಪಾಯ ಕಾಣುವುದರಿಂದ. ಇಂದು ಅವರಿಗೆ ಕಾಣುವುದು ಬಹುತೇಕ ಕಚೇರಿಯ ಕುರ್ಚಿ. ಕವಲಂದೆ, ನಂಜನಗೂಡು, ನರಸೀಪುರಗಳ ಪೇಟೆಯಲ್ಲಿಯೂ ಯೋಗ್ಯ ಸಂಬಳ ಮತ್ತು ಪಾಲುದಾರಿಕೆ ಅವರಿಗೆ ಕಾಣುವಂತಾದರೆ, ಓದಿದವರು ಇಲ್ಲಿಯೇ ಉಳಿಯಲು ಒಂದು ಕಾರಣ ಒದಗುತ್ತದೆ. ಅದನ್ನು ಒದಗಿಸುವ ಶಕ್ತಿ ಸರ್ಕಾರಕ್ಕಿಂತ ಹೆಚ್ಚಾಗಿ ವರ್ತಕ ಸಮುದಾಯದ ಕೈಯಲ್ಲಿದೆ.